ಜ್ವಾಲಾಮುಖಿಯ ಮೌನವನ್ನು ಓದುವ ಬಗೆ



ಜ್ವಾಲಾಮುಖಿಯೆಂದೊಡನೆ ಮಕ್ಕಳ ಮನಸ್ಸಿನಲ್ಲಿ ಮೂಡುವುದು ಬೆಂಕಿ ಮತ್ತು ಲಾವಾರಸ. ಆದರೆ ಸ್ಫೋಟಕ್ಕೆ ಬಲವನ್ನೀಯುವುದು ಅನಿಲ. ಭೂಗರ್ಭದ ಒತ್ತಡದಲ್ಲಿ ಶಿಲಾಪಾಕದೊಳಗೆ ಕರಗಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್‌ಗಳು ಶಿಲಾಪಾಕವು ಮೇಲೇರಿದಂತೆ ಗುಳ್ಳೆಗಳಾಗಿ ಬೇರ್ಪಡುತ್ತವೆ. ದಾರಿ ತೆರೆದಿದ್ದರೆ ಅವು ಹೊರಹೋಗುತ್ತವೆ. ದಾರಿ ಮುಚ್ಚಿದರೆ ಒಳಗೆ ಒತ್ತಡ ಬೆಳೆಯುತ್ತದೆ.

ಈ ಒಳಚಲನೆ ಕಣ್ಣಿಗೆ ಕಾಣದು, ಭೂಕಂಪಮಾಪಕಕ್ಕೆ ತಿಳಿಯುತ್ತದೆ. ಶಿಲೆ ಬಿರಿದಾಗ ಉಂಟಾಗುವ ಕಂಪನವು ಥಟ್ಟನೆ ಆರಂಭವಾಗಿ ಬೇಗ ಅಡಗುತ್ತದೆ. ಅನಿಲ ತುಂಬಿದ ಬಿರುಕು ಕಂಪಿಸಿದಾಗಲಾದರೋ, ಬಡಿದ ಗಂಟೆಯ ನಾದದಂತೆ, ನಿಧಾನವಾಗಿ ಕ್ಷೀಣಿಸುವ ಕಂಪನ ಹೊಮ್ಮುತ್ತದೆ. ಇದಕ್ಕೆ ದೀರ್ಘಾವಧಿ ಕಂಪನವೆಂದು ಹೆಸರು. ಇದರ ಆವೃತ್ತಿ ಸುಮಾರು 0.5ರಿಂದ 5 ಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವುದು 20 ಹರ್ಟ್ಸ್‌ನಿಂದ ಮೇಲೆ. ಈ ಕಂಪನಗಳನ್ನು ಆಧರಿಸಿ ಸ್ಫೋಟದ ಮುನ್ಸೂಚನೆ ಪಡೆಯುವ ಮಾರ್ಗವನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಬರ್ನಾರ್ಡ್ ಶುಯೆ ಅವರು 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು.

ಇದರ ಮಹತ್ವವನ್ನು ತೋರಿಸಿದುದು ಕೊಲಂಬಿಯದ ಪಾಸ್ಟೊ ನಗರದ ಸಮೀಪದಲ್ಲಿರುವ ಗಲೇರಾಸ್ ಜ್ವಾಲಾಮುಖಿ. 1992ರ ಜುಲೈ ತಿಂಗಳ ಸ್ಫೋಟಕ್ಕೆ ಮೊದಲು ಅಲ್ಲಿ ವಿಶಿಷ್ಟವಾದ ದೀರ್ಘಾವಧಿ ಕಂಪನಗಳು ದಾಖಲಾಗಿದ್ದವು. ಕಾಗದದ ಮೇಲೆ ಅವುಗಳ ಚಿತ್ರ ತಿರುಪುಮೊಳೆಯಂತೆ ಕಾಣುತ್ತಿದ್ದುದರಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಅವುಗಳಿಗೆ ‘ಟೋರ್ನಿಯೊ’, ಅಂದರೆ ತಿರುಪುಮೊಳೆ, ಎಂಬ ಹೆಸರು ಬಂದಿತು. 1993ರ ಜನವರಿಯಲ್ಲಿ ಅವು ಮತ್ತೆ ಕಾಣಿಸಿಕೊಂಡವು. ಸಂಖ್ಯೆ ಮಾತ್ರ ಅತ್ಯಲ್ಪ. ಹೊರಬರುವ ಗಂಧಕದ ಡೈಆಕ್ಸೈಡ್ ಕೂಡ ಕಡಿಮೆಯಿತ್ತು. ಪರ್ವತವು ಶಾಂತವಾಗಿರುವಂತೆ ತೋರುತ್ತಿತ್ತು. ಜನವರಿ 14ರಂದು ವಿಜ್ಞಾನಿಗಳ ತಂಡ ಕುಳಿಯಲ್ಲಿ ಅಧ್ಯಯನ ನಡೆಸುತ್ತಿದ್ದಾಗ ಜ್ವಾಲಾಮುಖಿ ಸ್ಫೋಟಿಸಿತು. ಆರು ಮಂದಿ ವಿಜ್ಞಾನಿಗಳು, ಮೂವರು ಪ್ರವಾಸಿಗರು ಅಸುನೀಗಿದರು.

ಅನಿಲ ಕಡಿಮೆಯಾದುದು ಶಾಂತಿಯ ಲಕ್ಷಣವಾಗಿರಲಿಲ್ಲ, ದಾರಿ ಮುಚ್ಚಿದುದರ ಸೂಚನೆಯಾಗಿತ್ತು ಎಂಬುದು ಅನಂತರದ ಅಧ್ಯಯನಗಳ ತಾತ್ಪರ್ಯ. 2000ದ ಡಿಸೆಂಬರಿನಲ್ಲಿ ಮೆಕ್ಸಿಕೊದ ಪೊಪೊಕಟೆಪೆಟಲ್ ಜ್ವಾಲಾಮುಖಿಯ ಕಂಪನಗಳು ತೀವ್ರಗೊಂಡಾಗ ಹತ್ತಾರು ಸಾವಿರ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಲಾಯಿತು. ಬಳಿಕ ಭಾರಿ ಸ್ಫೋಟವಾದರೂ ಜೀವಹಾನಿಯಾಗಲಿಲ್ಲ.

ಒಂದೇ ಉಪಕರಣದ ಮಾತನ್ನು ನಂಬಿ ತೀರ್ಮಾನಕ್ಕೆ ಬರಲಾಗದು. ಅನಿಲದ ಅಳತೆಯನ್ನೂ ಕಂಪನದ ದಾಖಲೆಯನ್ನೂ ಜೊತೆಗಿರಿಸಿ ಓದಬೇಕು. ಈ ಪಾಠವನ್ನು ಬೋಧಿಸುವಾಗ ತರಗತಿಯ ಮುಂದೆ ಒಂದು ಪ್ರಶ್ನೆಯನ್ನಿಡಬಹುದು: “ಪರ್ವತದ ಹೊಗೆ ಕಡಿಮೆಯಾಗಿದೆ. ಇದಕ್ಕೆ ಇರಬಹುದಾದ ಎರಡು ಕಾರಣಗಳಾವುವು? ಅವುಗಳಲ್ಲಿ ನಿಜ ಯಾವುದೆಂದು ತಿಳಿಯುವ ಬಗೆ ಹೇಗೆ?” ಮಕ್ಕಳು ತಮ್ಮ ಮಾತಿನಲ್ಲಿ ಉತ್ತರವನ್ನು ತರ್ಕಿಸಲಿ, ಪಾರಿಭಾಷಿಕ ಪದಗಳು ಆಮೇಲೆ ಬಂದರೂ ಸಾಕು.