ಮೊಣಕಾಲಿನ ಅಸ್ಥಿರಜ್ಜು ಹರಿದಾಗ



ಕಬಡ್ಡಿಯಲ್ಲಿ ದಾಳಿಗೆ ಹೋದ ಹುಡುಗ ಒಮ್ಮೆಲೇ ಹೊರಳಿ ನಡುಗೆರೆಯ ಕಡೆಗೆ ಧಾವಿಸುತ್ತಾನೆ. ಪಾದ ನೆಲಕ್ಕೆ ಊರಿಕೊಂಡೇ ಇರುತ್ತದೆ, ಮೈ ಮಾತ್ರ ತಿರುಗುತ್ತದೆ. ಮೊಣಕಾಲಿನೊಳಗೆ ಏನೋ 'ಟಕ್' ಎಂದಂತಾಗುತ್ತದೆ. ಕೆಲವೇ ಗಂಟೆಗಳಲ್ಲಿ ಕೀಲು ಊದಿಕೊಳ್ಳುತ್ತದೆ. ಕಾಲೂರಿದರೆ ಮಂಡಿ ಕುಸಿಯುತ್ತದೆ. ಎದುರಾಳಿ ಮುಟ್ಟದೆಯೂ ಹೀಗಾಗುವುದುಂಟು. ಇದನ್ನು ಬರಿಯ ಉಳುಕೆಂದು ತಳ್ಳಿಹಾಕಲಾಗದು. ತೊಡೆಯ ಎಲುಬಿಗೂ ಕಣಕಾಲಿನ ಎಲುಬಿಗೂ ನಡುವೆ ಓರೆಯಾಗಿ ಬಿಗಿದಿರುವ, ವೈದ್ಯರು ಎ.ಸಿ.ಎಲ್. ಎಂದು ಕರೆಯುವ ಅಸ್ಥಿರಜ್ಜು ಹರಿದಿರುವ ಸಂಭವ ಹೆಚ್ಚು.

ಆ ಹೊತ್ತಿಗೆ ಶಾಲೆ ಮಾಡಬೇಕಾದುದು ಅಲ್ಪ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಟ್ಟು, ಕಾಲನ್ನು ಎತ್ತರದಲ್ಲಿರಿಸಿ ಆಸ್ಪತ್ರೆಗೆ ಕಳುಹಿಸಬೇಕು. ಎಣ್ಣೆ ಹಚ್ಚಿ ತಿಕ್ಕುವುದಾಗಲಿ, ಉಳುಕು ತೆಗೆಯುವವರಿಂದ ಕಾಲನ್ನು ಎಳೆಯಿಸುವುದಾಗಲಿ ಕೂಡದು. ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುವುದರಿಂದ 'ಮುರಿದಿಲ್ಲ' ಎಂಬ ಮಾತಿಗೆ ಸಮಾಧಾನಪಟ್ಟುಕೊಳ್ಳುವಂತಿಲ್ಲ. ವೈದ್ಯರ ಕೈಪರೀಕ್ಷೆ ಮತ್ತು ಎಂ.ಆರ್.ಐ. ಚಿತ್ರದಿಂದಲೇ ನಿಶ್ಚಯವಾಗಬೇಕು. ಊತವಿಳಿದ ಮೇಲೆ ಹುಡುಗ ಓಡಾಡಬಲ್ಲ. ಆದರೆ ಮಂಡಿ ಕುಸಿದಾಗಲೆಲ್ಲ ಕೀಲಿನ ಮೆತ್ತೆಯಂತಿರುವ ಮೃದ್ವಸ್ಥಿಗೆ ಪೆಟ್ಟಾಗುವ ಭಯವಿದೆ.

ಹರಿದ ಎಲ್ಲ ಮಂಡಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅರೆಹರಿದಿದ್ದರೆ, ಅಥವಾ ಹಠಾತ್ತನೆ ಹೊರಳುವ ಆಟಗಳನ್ನು ಬಿಡಲು ಸಿದ್ಧನಿದ್ದರೆ, ವ್ಯಾಯಾಮವೇ ಸಾಕಾಗಬಹುದು. ಪೂರ್ತಿ ಹರಿದ ಈ ರಜ್ಜು ಮಾತ್ರ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಆದುದರಿಂದ ತೊಡೆಯ ಹಿಂಭಾಗದ ಸ್ನಾಯುರಜ್ಜನ್ನೋ ಮಂಡಿಚಿಪ್ಪಿನ ಕೆಳಗಿನದನ್ನೋ ತೆಗೆದು, ಎಲುಬಿನಲ್ಲಿ ಸುರಂಗ ಕೊರೆದು ಕಸಿ ಮಾಡುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಲುಬಿನ ಬೆಳವಣಿಗೆಯ ಪದರಕ್ಕೆ ಧಕ್ಕೆಯಾಗದಂತೆ ವಿಧಾನವನ್ನು ಬದಲಿಸಬೇಕಾಗುತ್ತದೆ.

ನಿಜವಾದ ಕಷ್ಟ ಅನಂತರದ್ದು. ಕಸಿಯಾದ ರಜ್ಜು ಮೊದಲು ಬಲ ಕಳೆದುಕೊಂಡು, ಹೊಸ ರಕ್ತನಾಳಗಳು ಹಬ್ಬಿದ ಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಎರಡು ಮೂರು ತಿಂಗಳಾಗುವಾಗ ನೋವಿರುವುದಿಲ್ಲ, ನಡಿಗೆ ಸರಾಗ. ಆದರೆ ರಜ್ಜು ತೀರ ದುರ್ಬಲವಾಗಿರುವುದು ಆಗಲೇ. ಉಪಜಿಲ್ಲಾ ಕ್ರೀಡಾಕೂಟಕ್ಕೆ ತಂಡ ಕಟ್ಟುವ ಆತುರದಲ್ಲಿ 'ಚೆನ್ನಾಗಿಯೇ ಓಡುತ್ತಾನಲ್ಲ' ಎನ್ನುವ ಮಾತು ಹುಟ್ಟುವುದೂ ಆಗಲೇ. ನಾರ್ವೆಯ ಆಟಗಾರರನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯಗೊಳ್ಳುವ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು.

ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಗಾಯವಾಗಿ ಸ್ಟ್ರೆಚರ್ ಮೇಲೆ ಅಂಕಣದಿಂದ ಹೊರಬಂದರು. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಮಕ್ಕಳಿಗೆ ಚಿನ್ನದ ಮಾತು ರುಚಿಸುತ್ತದೆ, ನಡುವಿನ ಎರಡು ವರ್ಷಗಳ ಮಾತನ್ನು ಹಿರಿಯರೇ ಹೇಳಬೇಕು.

ಆ ನಡುವಿನ ಕಾಲದ ವ್ಯಾಯಾಮ ನೋಡಲು ಸಪ್ಪೆ. ಮೊದಲು ಕಾಲನ್ನು ಪೂರ್ತಿ ನೇರವಾಗಿ ಚಾಚುವುದು, ಬಳಿಕ ಸೊರಗಿದ ತೊಡೆಯ ಸ್ನಾಯುವನ್ನು ದಿನದಿನವೂ ಬಿಗಿಹಿಡಿದು ಬಲಗೊಳಿಸುವುದು. ಗಡಿನಾಡಿನಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಆಸ್ಪತ್ರೆ ಕೊಡುವ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿರಬಹುದು. ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಇರಬಹುದು. ಮನೆಯ ತಾಯಿಗೆ ಅದು ಓದಲು ಬಾರದಿದ್ದರೆ ಹಾಳೆ ಕಪಾಟು ಸೇರುತ್ತದೆ, ವ್ಯಾಯಾಮ ನಿಲ್ಲುತ್ತದೆ. ಅದನ್ನು ತಿಳಿಗನ್ನಡದಲ್ಲಿ ಬರೆದುಕೊಟ್ಟು, ಸಂದೇಹ ಬಂದಲ್ಲಿ ಫಿಸಿಯೋಥೆರಪಿಸ್ಟರನ್ನು ಕೇಳಿ ತಿದ್ದಿದರೆ, ಅದು ಅಧ್ಯಾಪಕರಿಂದಲ್ಲದೆ ಬೇರೆಯವರಿಂದ ಸುಲಭವಾಗಿ ಆಗದ ಕೆಲಸ.

ಶಾಲೆಗೆ ಮರಳಿದ ವಿದ್ಯಾರ್ಥಿಯನ್ನು ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಬಾರದು. ಪ್ರಾರ್ಥನೆಗೂ ಊಟಕ್ಕೂ ಕುರ್ಚಿ ಬೇಕು. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಅವನಿಗೆ ದೊಡ್ಡ ಸಂಕಟ. ನಾಚಿಕೆಯಿಂದ ಹೇಳಿಕೊಳ್ಳಲಾರ, ಕೇಳದೆಯೇ ಏರ್ಪಾಟು ಮಾಡುವುದು ಲೇಸು. ಸಾಧ್ಯವಿದ್ದರೆ ತರಗತಿಯನ್ನೇ ಕೆಳಮಹಡಿಗೆ ತರಬೇಕು. ಮೆಟ್ಟಿಲು ಅನಿವಾರ್ಯವಾದರೆ ಏರುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ನೊಂದ ಕಾಲು ಮುಂದು.

ಮತ್ತೆ ಅಂಕಣಕ್ಕಿಳಿಸುವ ತೀರ್ಮಾನ ತಂಡದ ಅಗತ್ಯದಿಂದ ಆಗತಕ್ಕದ್ದಲ್ಲ. ಒಂಟಿಕಾಲಿನ ಜಿಗಿತದಲ್ಲೂ ಸ್ನಾಯುಬಲದಲ್ಲೂ ನೊಂದ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ಆಗಿರಬೇಕೆಂಬುದು ರೂಢಿಯ ಅಳತೆ. ಅದನ್ನು ಅಳೆದು ವೈದ್ಯರು ಬರೆದುಕೊಟ್ಟ ಪತ್ರ ಕೈಸೇರುವವರೆಗೆ ಅವನ ಹೆಸರು ತಂಡದ ಪಟ್ಟಿಯಲ್ಲಿ ಬರಬಾರದು; ಅಂಕ ಬರೆಯುವ ಮೇಜಿನ ಬಳಿ ಅವನಿಗೊಂದು ಕುರ್ಚಿ ಇರಲಿ.