ಮನೆಯಂಗಳದಲ್ಲಿ ಕಾರಿನ ಟೈರು ಬದಲಾವಣೆ ಮತ್ತು ಜಾಕಿಯ ಸುರಕ್ಷಿತ ಬಳಕೆ



ಎತ್ತಿನ ಗಾಡಿಯ ಗಾಲಿ ಬಿಚ್ಚಿ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ಹಿಂದೆ ಪ್ರತಿಯೊಬ್ಬ ರೈತನಿಗೂ ತಿಳಿದಿದ್ದ ಕೆಲಸ. ಎತ್ತು ಬಿಚ್ಚಿ, ಇನ್ನೊಂದು ಗಾಲಿಯ ಹಿಂದೆ ಮುಂದೆ ಕಲ್ಲಿಟ್ಟು, ಅಚ್ಚಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟ ಮೇಲೆಯೇ ಕಡಾಣಿ ತೆಗೆಯುತ್ತಿದ್ದರು. ಇಂದು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಅನೇಕ ರೈತರ ಅಂಗಳದಲ್ಲಿ ಸಣ್ಣ ಕಾರು ನಿಂತಿದೆ. ಅದರ ಜಾಕಿಯನ್ನು ಹುಡುಗರೂ ತಿರುಗಿಸಬಲ್ಲರು. ಕಾರು ಇಷ್ಟು ಸುಲಭವಾಗಿ ಮೇಲೇಳುವುದರಿಂದಲೇ ಗಾಡಿಯ ಕಾಲದ ಎಚ್ಚರಿಕೆ ಮರೆತುಹೋಗುವುದುಂಟು. ಸಣ್ಣ ಕಾರೆಂದರೂ ಅದರ ತೂಕ ಆರೇಳು ಕ್ವಿಂಟಲ್. ಮುಂದಿನ ಒಂದು ಚಕ್ರದ ಮೇಲೆಯೇ ಸುಮಾರು ಎರಡು ಕ್ವಿಂಟಲ್ ಭಾರ ಬೀಳುತ್ತದೆ. ಜಾಕಿ ಜಾರಿದರೆ ಆ ಭಾರದ ಕೆಳಗೆ ಸಿಕ್ಕ ಕೈಕಾಲು ಉಳಿಯುವುದಿಲ್ಲ.

ಈ ಭಾಗದ ರೈತರಿಗೆ ಟೈರಿನ ಆರೈಕೆ ಇನ್ನೊಂದು ಕಾರಣಕ್ಕೂ ಮುಖ್ಯ. ಗುಂಡ್ಲುಪೇಟೆಯಿಂದ ಊಟಿಗೆ ಮತ್ತು ಸುಲ್ತಾನ್ ಬತ್ತೇರಿಗೆ ಹೋಗುವ ಎರಡು ರಸ್ತೆಗಳೂ ಬಂಡೀಪುರದ ಕಾಡಿನ ನಡುವೆ ಸಾಗುತ್ತವೆ. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಹಗಲಿನಲ್ಲಿಯೂ ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ಆನೆ ಓಡಾಡುವ ದಾರಿಯಲ್ಲಿ ಇಳಿದು ಚಕ್ರ ಬಿಚ್ಚುತ್ತಾ ಕೂರುವುದು ಎಂಥ ಅಪಾಯವೆಂದು ಹೇಳಬೇಕಾಗಿಲ್ಲ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವಾಗ ದಿಂಬಂ ಘಾಟಿನಲ್ಲಿ 27 ಕಡಿದಾದ ತಿರುವುಗಳಿವೆ. ಸವೆದ ಟೈರು ಮಳೆಗಾಲದಲ್ಲಿ ಇಂಥ ತಿರುವಿನಲ್ಲಿ ನೆಲ ಕಚ್ಚುವುದಿಲ್ಲ. ಆದುದರಿಂದ ದಾರಿಯಲ್ಲಿ ಬರಬಹುದಾದ ತೊಂದರೆಯನ್ನು ಮನೆಯಂಗಳದಲ್ಲಿಯೇ ತಡೆಯುವುದು ಜಾಣತನ.

ನಾಲ್ಕು ಟೈರುಗಳೂ ಒಂದೇ ಸಮನಾಗಿ ಸವೆಯುವುದಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಅನಂತರದ ಆಲ್ಟೊ ಮುಂತಾದ ಕಾರುಗಳಲ್ಲಿ ಎಂಜಿನ್ ಮುಂದಿದ್ದು, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ತಿರುಗುವುದೂ ಅವೇ, ಬ್ರೇಕ್ ಹಾಕಿದಾಗ ಹೆಚ್ಚು ಭಾರ ಹೊರುವುದೂ ಅವೇ. ಹೀಗಾಗಿ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಓಮ್ನಿ, ಈಕೋ ಇವುಗಳಲ್ಲಿ ಹಿಂದಿನ ಚಕ್ರಗಳು ಕಾರನ್ನು ತಳ್ಳುತ್ತವೆ. ಸುಮಾರು 8,000ದಿಂದ 10,000 ಕಿಲೋಮೀಟರಿಗೊಮ್ಮೆ ಟೈರುಗಳ ಸ್ಥಾನ ಬದಲಿಸಿದರೆ ಎಲ್ಲವೂ ಹೆಚ್ಚು ಕಡಿಮೆ ಒಟ್ಟಿಗೆ ಸವೆಯುತ್ತವೆ. ಎರಡು ಟೈರು ಬೋಳಾಗಿ ಇನ್ನೆರಡು ಹೊಸದಾಗಿ ಉಳಿಯುವ ನಷ್ಟ ತಪ್ಪುತ್ತದೆ.

ಬದಲಿಸುವ ಮುನ್ನ ಪ್ರತಿ ಟೈರನ್ನೂ ಗಮನವಿಟ್ಟು ನೋಡಬೇಕು. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ನೇರ ತಪ್ಪಿರಬಹುದು. ಅದನ್ನು ವರ್ಕ್‌ಷಾಪಿನಲ್ಲಿ ಅಲೈನ್‌ಮೆಂಟ್ ಮಾಡಿಸದೆ ಟೈರು ಬದಲಿಸಿದರೆ ಇನ್ನೊಂದು ಟೈರೂ ಹಾಳಾಗುತ್ತದೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಈ ಉಬ್ಬಿನ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಿದೆ, ಆ ಟೈರನ್ನು ತೆಗೆದುಹಾಕಬೇಕು. ಪಕ್ಕದಲ್ಲಿ ಬಾವು ಬಂದಿರುವ ಅಥವಾ ಒಳಗಿನ ನೂಲು ಕಾಣುವ ಟೈರನ್ನೂ ಬಳಸಕೂಡದು. ವಾರಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನ ಟೈರು ಸವೆಯದಿದ್ದರೂ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಅದು ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ ಎಂದು ತಿಳಿಯಬೇಕು.

ಇನ್ನು ಜಾಕಿ ಇಡುವ ಸ್ಥಳದ ವಿಚಾರ. ನೆಲ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ಎರೆಭೂಮಿ ಹಸಿಯಾಗಿದ್ದಾಗ ಜಾಕಿ ಕುಸಿಯುತ್ತದೆ. ಸಗಣಿ ಸಾರಿಸಿದ ಕಣ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಮೆದುವಾಗಿರಬಹುದು. ಸಿಮೆಂಟು ನೆಲವಿದ್ದರೆ ಉತ್ತಮ. ಇಲ್ಲದಿದ್ದರೆ ಜಾಕಿಯ ತಳಕ್ಕಿಂತ ಅಗಲವಾದ ದಪ್ಪ ಹಲಗೆಯನ್ನು ಕೆಳಗೆ ಹಾಸಬೇಕು. ಇಳಿಜಾರಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಕಾರಿನೊಳಗೆ ಯಾರೂ ಇರಬಾರದು. ಮಕ್ಕಳನ್ನೂ ದನಕರುಗಳನ್ನೂ ದೂರವಿಡಬೇಕು. ಡಿಕ್ಕಿಯಲ್ಲಿರುವ ಮೂಟೆ, ಕ್ರೇಟುಗಳನ್ನು ಮೊದಲೇ ಇಳಿಸಬೇಕು.

ಹ್ಯಾಂಡ್ ಬ್ರೇಕ್ ಎಳೆದು, ಗೇರು ಹಾಕಿ, ಎಂಜಿನ್ ನಿಲ್ಲಿಸಬೇಕು. ಆದರೆ ಗೇರು ಹಾಕಿದೆಯೆಂದು ಅದನ್ನೇ ನಂಬಿ ಕೂರುವುದು ತಪ್ಪು. ಗೇರು ಹಿಡಿದಿಡುವುದು ಎಂಜಿನ್ನಿನ ಶಕ್ತಿ ಪಡೆಯುವ ಚಕ್ರಗಳನ್ನು ಮಾತ್ರ. ಅವುಗಳಲ್ಲಿ ಒಂದನ್ನು ಮೇಲೆತ್ತಿದಾಗ ಡಿಫರೆನ್ಷಿಯಲ್ ಆ ಚಕ್ರವನ್ನು ಗಾಳಿಯಲ್ಲಿ ಹಿಮ್ಮುಖವಾಗಿ ತಿರುಗಲು ಬಿಡುತ್ತದೆ. ಆಗ ನೆಲದ ಮೇಲಿರುವ ಅದರ ಜೊತೆ ಚಕ್ರ ಸಲೀಸಾಗಿ ಉರುಳಬಲ್ಲದು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಹಿಂದಿನ ಒಂದು ಚಕ್ರ ಎತ್ತಿದರೆ ಅದರ ಹಿಡಿತ ಅರ್ಧವಾಗುತ್ತದೆ. ಆದ್ದರಿಂದ ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರದ ಹಿಂದೆ ಮತ್ತು ಮುಂದೆ ಕಲ್ಲು ಅಥವಾ ಮರದ ತುಂಡನ್ನು ಒತ್ತಾಗಿ ಕೊಡಲೇಬೇಕು. ಇದು ಗಾಡಿಯ ಕಾಲದ ಬುದ್ಧಿಯೇ.

ಚಕ್ರ ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಎಡಕ್ಕೆ ಕಾಲು ಸುತ್ತಿನಷ್ಟು ಸಡಿಲಿಸಿಕೊಳ್ಳಬೇಕು. ಕಾರನ್ನು ಎತ್ತಿದ ಮೇಲೆ ಬಿಗಿಯಾದ ನಟ್ಟನ್ನು ಜಗ್ಗಿದರೆ ಕಾರು ಅಲುಗಿ ಜಾಕಿ ಜಾರುತ್ತದೆ. ಬಹುಪಾಲು ಸಣ್ಣ ಕಾರುಗಳಲ್ಲಿ ಜಾಕಿ ಕೊಡುವ ಜಾಗ ಬಾಗಿಲಿನ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಇರುತ್ತದೆ. ಅಲ್ಲಿ ಎರಡು ಕಚ್ಚುಗಳ ಗುರುತಿದ್ದು, ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ಚಿತ್ರವೂ ಇರುತ್ತದೆ. ತಳದ ತಗಡಿಗಾಗಲಿ, ಎಂಜಿನ್ ಎಣ್ಣೆಯ ತಟ್ಟೆಗಾಗಲಿ ಜಾಕಿ ಕೊಡಬಾರದು. ಜಾಕಿ ನೆಟ್ಟಗೆ ನಿಂತಿದೆಯೇ ಎಂದು ನೋಡಿಕೊಂಡು, ಟೈರು ನೆಲದಿಂದ ಎರಡು ಬೆರಳು ಮೇಲೇಳುವಷ್ಟು ಮಾತ್ರ ಎತ್ತಬೇಕು.

ಜಾಕಿ ಇರುವುದು ಎತ್ತುವುದಕ್ಕೇ ಹೊರತು ಹೊರುವುದಕ್ಕಲ್ಲ. ಕೇವಲ ಜಾಕಿಯ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆಯಾಗಲಿ ಕೈಯಾಗಲಿ ತೂರಿಸಬಾರದು. ಬಿಚ್ಚಿದ ಚಕ್ರವನ್ನು ಅಥವಾ ಸ್ಟೆಪ್ನಿಯನ್ನು ಜಾಕಿಯ ಪಕ್ಕದಲ್ಲಿ ಕಾರಿನ ಅಂಚಿನ ಕೆಳಗೆ ಮಲಗಿಸಿಡುವುದು ಒಳ್ಳೆಯದು. ಜಾಕಿ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಆಧಾರಕ್ಕೆಂದು ಇಟ್ಟಿಗೆ, ಟೊಳ್ಳು ಸಿಮೆಂಟು ಬ್ಲಾಕುಗಳನ್ನು ಜೋಡಿಸುವ ಅಭ್ಯಾಸ ಕೆಲವೆಡೆ ಇದೆ. ಇವು ಮುನ್ಸೂಚನೆ ಇಲ್ಲದೆ ಒಡೆದುಹೋಗುತ್ತವೆ.

ಒಂದೇ ಜಾಕಿ ಮತ್ತು ಒಂದು ಸ್ಟೆಪ್ನಿಯಿಂದ ನಾಲ್ಕು ಟೈರುಗಳನ್ನೂ ಬದಲಿಸಬಹುದು. ಮೊದಲು ಸುಣ್ಣದ ಕಡ್ಡಿಯಿಂದ ಪ್ರತಿ ಟೈರಿನ ಮೇಲೆ ಎಡಮುಂದು, ಬಲಮುಂದು, ಎಡಹಿಂದು, ಬಲಹಿಂದು ಎಂದು ಬರೆದುಕೊಳ್ಳಬೇಕು. ಮಾರುತಿ 800, ಆಲ್ಟೊದಂಥ ಕಾರಿನಲ್ಲಿ ಮುಂದಿನ ಟೈರುಗಳು ಅದೇ ಬದಿಯಲ್ಲಿ ಹಿಂದಕ್ಕೂ, ಹಿಂದಿನವು ಬದಿ ಬದಲಿಸಿ ಮುಂದಕ್ಕೂ ಹೋಗಬೇಕು. ಅದರ ಕ್ರಮ ಹೀಗೆ:

1. ಎಡಮುಂದಿನ ಟೈರು ಬಿಚ್ಚಿ ಅಲ್ಲಿ ಸ್ಟೆಪ್ನಿ ಹಾಕಿ ಕಾರನ್ನು ಇಳಿಸುವುದು.
2. ಎಡಹಿಂದಿನದನ್ನು ಬಿಚ್ಚಿ ಅಲ್ಲಿಗೆ ಎಡಮುಂದಿನದನ್ನು ಹಾಕುವುದು.
3. ಬಲಮುಂದಿನದನ್ನು ಬಿಚ್ಚಿ ಅಲ್ಲಿಗೆ ಎಡಹಿಂದಿನದನ್ನು ಹಾಕುವುದು.
4. ಬಲಹಿಂದಿನದನ್ನು ಬಿಚ್ಚಿ ಅಲ್ಲಿಗೆ ಬಲಮುಂದಿನದನ್ನು ಹಾಕುವುದು.
5. ಕೊನೆಗೆ ಸ್ಟೆಪ್ನಿ ತೆಗೆದು ಎಡಮುಂದಕ್ಕೆ ಬಲಹಿಂದಿನದನ್ನು ಹಾಕುವುದು.

ಪ್ರತಿ ಸಲ ಚಕ್ರ ಬದಲಾದಂತೆ ಅಡ್ಡಗಲ್ಲುಗಳ ಜಾಗವೂ ಬದಲಾಗಬೇಕು. ಓಮ್ನಿ, ಈಕೋಗಳಲ್ಲಿ ಇದಕ್ಕೆ ವಿರುದ್ಧವಾಗಿ ಹಿಂದಿನವು ನೇರವಾಗಿ ಮುಂದಕ್ಕೂ, ಮುಂದಿನವು ಬದಿ ಬದಲಿಸಿ ಹಿಂದಕ್ಕೂ ಹೋಗಬೇಕು. ಪಕ್ಕದಲ್ಲಿ ಬಾಣದ ಗುರುತಿದ್ದು ಒಂದೇ ದಿಕ್ಕಿನಲ್ಲಿ ಉರುಳಬೇಕಾದ ಟೈರುಗಳನ್ನು ಮಾತ್ರ ಅದೇ ಬದಿಯಲ್ಲಿ ಹಿಂದೆ ಮುಂದೆ ಮಾಡಬೇಕು. ರೇಡಿಯಲ್ ಟೈರುಗಳ ಬದಿ ಬದಲಿಸಬಾರದೆಂಬ ಸಲಹೆ ಹಿಂದೆ ಇತ್ತು. ಈಗಿನ ಟೈರುಗಳಿಗೆ ಅದು ಅನ್ವಯಿಸುವುದಿಲ್ಲ.

ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಆಗಿದ್ದು, ಅವುಗಳಷ್ಟೇ ಸವೆದಿದ್ದರೆ ಐದನೆಯ ಹಂತ ಬಿಟ್ಟು ಅದನ್ನು ಎಡಮುಂದಿನಲ್ಲೇ ಉಳಿಸಿ, ಬಲಹಿಂದಿನ ಟೈರನ್ನೇ ಸ್ಟೆಪ್ನಿ ಮಾಡಿಕೊಳ್ಳಬಹುದು. ಒಂದೇ ಅಚ್ಚಿನ ಮೇಲೆ ಒಂದು ಹೊಸದು, ಒಂದು ಬೋಳು ಇರಬಾರದು. ಈಚಿನ ಕೆಲವು ಕಾರುಗಳ ಸ್ಟೆಪ್ನಿ ಅಳತೆಯಲ್ಲಿ ಚಿಕ್ಕದು. ಅದನ್ನು ಈ ಸರದಿಯಲ್ಲಿ ಸೇರಿಸಬಾರದು.

ಚಕ್ರ ತುಕ್ಕಿನಿಂದ ಅಂಟಿಕೊಂಡಿದ್ದರೆ ಜಾಕಿಯ ಮೇಲಿರುವಾಗ ಒದೆಯುವುದು ಅಪಾಯ. ನಟ್ಟುಗಳನ್ನು ಸಡಿಲವಾಗಿ ಕೂರಿಸಿ, ಕಾರನ್ನು ನೆಲಕ್ಕಿಳಿಸಿ, ಪಕ್ಕದಿಂದ ಅಲುಗಿಸಿದರೆ ಬಿಟ್ಟುಕೊಳ್ಳುತ್ತದೆ. ಹಾಕುವಾಗ ಓರೆಯಾದ ಬದಿ ಚಕ್ರದ ಕಡೆಗಿರುವಂತೆ ನಟ್ಟನ್ನು ಮೊದಲು ಕೈಯಿಂದಲೇ ತಿರುಗಿಸಬೇಕು. ಎದುರುಬದುರು ನಟ್ಟುಗಳನ್ನು ಸರದಿಯಂತೆ ಬಿಗಿ ಮಾಡಿದರೆ ಚಕ್ರ ಸಮನಾಗಿ ಕೂರುತ್ತದೆ. ಕೊನೆಯ ಬಿಗಿ ಕಾರು ನೆಲ ಮುಟ್ಟಿದ ನಂತರವೇ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗುವುದು, ಅದರ ಮೇಲೆ ಹತ್ತಿ ಕುಣಿಯುವುದು ಬೋಲ್ಟನ್ನು ಹಾಳುಮಾಡುತ್ತದೆ. 50ರಿಂದ 100 ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸುವುದನ್ನು ಮರೆಯಬಾರದು.

ಗಾಳಿಯ ಪ್ರಮಾಣವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಪ್ರಮಾಣವಿದ್ದರೆ ಟೈರು ಬದಲಿಸಿದ ಮೇಲೆ ಗಾಳಿಯನ್ನೂ ಅದರಂತೆ ಹೊಂದಿಸಬೇಕು. ಟೈರು ತಣ್ಣಗಿರುವಾಗ ಅಳೆದರೆ ಮಾತ್ರ ಸರಿಯಾದ ಲೆಕ್ಕ ಸಿಗುತ್ತದೆ. ಸ್ಟೆಪ್ನಿಗೂ ಗಾಳಿ ತುಂಬಿಸಿಡಬೇಕು. ಕಾಡಿನ ದಾರಿಗೆ ಹೊರಡುವ ಮುನ್ನ ಇದನ್ನು ನೋಡದವರು ಆಮೇಲೆ ಪರಿತಪಿಸುತ್ತಾರೆ.

ಟೈರು ಬದಲಿಸಿದ ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಬೇಸಾಯದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಟ್ಟರೆ ಮುಂದಿನ ಸರದಿ ತಪ್ಪುವುದಿಲ್ಲ. ನೆಲ ಸರಿಯಿಲ್ಲದಿದ್ದರೆ, ಜಾಕಿ ಬಾಗಿದ್ದರೆ ಅಥವಾ ಬಾಗಿಲಿನ ಕೆಳಗಿನ ತಗಡು ತುಕ್ಕು ಹಿಡಿದಿದ್ದರೆ ಮನೆಯಲ್ಲಿ ಈ ಕೆಲಸ ಮಾಡದೆ ಟೈರು ಅಂಗಡಿಗೆ ಹೋಗುವುದೇ ಲೇಸು. ಅಲ್ಲಿ ತೆರಬೇಕಾದ ಹಣ ಒಂದು ಕೈ ಬೆರಳಿನ ಬೆಲೆಗಿಂತ ಕಡಿಮೆಯೇ.