ಹತ್ತಿಯೋ, ಹಟ್ಟಿಯೋ?

‘ಹತ್ತಿ’ ಎಂದು ಗಟ್ಟಿಯಾಗಿ ಹೇಳಿ ನೋಡಿ. ಈಗ ‘ಹಟ್ಟಿ’ ಎನ್ನಿ. ನಾಲಿಗೆ ಏನು ಮಾಡಿತು, ಗಮನಿಸಿದಿರಾ? ‘ತ’ ಎನ್ನುವಾಗ ಅದರ ತುದಿ ಮೇಲಿನ ಹಲ್ಲಿಗೆ ತಾಗಿತು. ‘ಟ’ ಎನ್ನುವಾಗ ತುಸು ಹಿಂದಕ್ಕೆ ಬಾಗಿ ಅಂಗುಳನ್ನು ಮುಟ್ಟಿತು. ನಾಲಿಗೆ ಇಷ್ಟೇ ಇಷ್ಟು ಸರಿದದ್ದಕ್ಕೆ ಹೊಲದ ಬೆಳೆ ಹೋಗಿ ದನ ಕಟ್ಟುವ ಜಾಗ ಬಂತು!

ಹಾಗೆಯೇ ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿ. ದನಿ ಹುಟ್ಟುವ ಜಾಗ ಬಾಯಿಯ ಹಿಂಭಾಗದಿಂದ ಹೊರಟು ಕೊನೆಗೆ ತುಟಿಗೆ ಬಂದು ಮುಟ್ಟುತ್ತದೆ. ನಮ್ಮ ವರ್ಣಮಾಲೆಯ ವರ್ಗಗಳನ್ನು ಜೋಡಿಸಿರುವುದೇ ಈ ಕ್ರಮದಲ್ಲಿ.

ಬಾಯಿಂದ ಹೊರಟ ಮಾತೆಂದರೆ ಗಾಳಿಯ ಕಂಪನ. ಅದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗಿ ಕೇಳುವವರ ಕಿವಿತಮಟೆಯನ್ನು ಕಂಪಿಸುವಂತೆ ಮಾಡುತ್ತದೆ. ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಅವುಗಳಲ್ಲಿ ಕೊನೆಯದು ಸುಮಾರು 3 ಮಿಲಿಮೀಟರ್ ಉದ್ದ; ನಮ್ಮ ಮೈಯಲ್ಲಿ ಅದಕ್ಕಿಂತ ಚಿಕ್ಕ ಮೂಳೆ ಇಲ್ಲ. ಇವು ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಅಲ್ಲಿರುವುದು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ದ್ರವ ತುಂಬಿದ ಸುರುಳಿ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಕೀರಲು ದನಿಗೆ ಸುರುಳಿಯ ಬುಡದ ಕೋಶಗಳೂ ದಪ್ಪ ದನಿಗೆ ತುದಿಯ ಕೋಶಗಳೂ ಸ್ಪಂದಿಸುತ್ತವೆ. ಹೀಗೆ ಕಂಪನವು ವಿದ್ಯುತ್ ಸಂಕೇತವಾಗಿ ನರದ ಮೂಲಕ ಮಿದುಳು ಸೇರುತ್ತದೆ.

ಅಲ್ಲಿಗೆ ಕೇಳುವ ಕೆಲಸ ಮುಗಿಯಿತೇ? ಇಲ್ಲ, ಇನ್ನೂ ಅರ್ಧ ಬಾಕಿ ಇದೆ: ಬಂದ ದನಿ ಯಾವುದೆಂದು ಮಿದುಳು ಗುರುತಿಸಬೇಕು.

ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಮಾತನಾಡುವ ಮನೆಗಳ ಕೂಸುಗಳಿಗೆ ಅವರು ಹಿಂದಿಯ ‘ತ’ ಮತ್ತು ‘ಟ’ ದನಿಗಳನ್ನು ಕೇಳಿಸಿದರು. ದನಿ ಬದಲಾದದ್ದನ್ನು ಗುರುತಿಸಿ ಕೂಸು ತಲೆ ತಿರುಗಿಸಿದರೆ ಬಹುಮಾನವಾಗಿ ಒಂದು ಆಟಿಕೆ ಬೆಳಗುತ್ತಿತ್ತು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಕಂಡುಹಿಡಿದವು. 10ರಿಂದ 12 ತಿಂಗಳ ಕೂಸುಗಳಲ್ಲಿ ಬಹುಪಾಲಿಗೆ ಅದು ಗೊತ್ತೇ ಆಗಲಿಲ್ಲ! ಹಿಂದಿ ಮಾತನಾಡುವ ಮನೆಯ ಅದೇ ವಯಸ್ಸಿನ ಕೂಸುಗಳು ಮಾತ್ರ ಸಲೀಸಾಗಿ ಗುರುತಿಸಿದವು.

ಇಂಗ್ಲಿಷ್ ಮನೆಗಳ ಆ ಕೂಸುಗಳ ಕಿವಿ ಮಂದವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಈ ಎರಡು ದನಿಗಳನ್ನು ಬೇರೆ ಮಾಡಿ ಹೇಳುವ ಅಗತ್ಯವಿಲ್ಲ. ಹಾಗಾಗಿ ಮಿದುಳು ಆ ವ್ಯತ್ಯಾಸವನ್ನು ಬದಿಗಿಟ್ಟು, ಮನೆಯವರ ಮಾತಿಗೆ ಬೇಕಾದ ದನಿಗಳತ್ತ ಗಮನ ಕೊಡಲು ಕಲಿತಿತ್ತು. ಮೊದಲ ಮಾತು ಆಡುವ ಹೊತ್ತಿಗಾಗಲೇ ಮಗು ಇಷ್ಟೆಲ್ಲ ಕಲಿತಿರುತ್ತದೆ.

ನಮ್ಮ ಪಾಡೂ ಅಷ್ಟೇ. ಇಂಗ್ಲಿಷಿನಲ್ಲಿ ಒಳಅಂಗಿಗೆ ಹೇಳುವ ‘ವೆಸ್ಟ್’ ಬೇರೆ, ಪಶ್ಚಿಮಕ್ಕೆ ಹೇಳುವ ‘ವೆಸ್ಟ್’ ಬೇರೆ. ನಮಗಿರುವುದು ಒಂದೇ ‘ವ’. ಆದ್ದರಿಂದ ನಮ್ಮಲ್ಲಿ ಅನೇಕರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಮತ್ತೆ ಮತ್ತೆ ಕೇಳಿ, ಹೇಳಿ ಅಭ್ಯಾಸ ಮಾಡಿದರೆ ದೊಡ್ಡವರಾದ ಮೇಲೂ ಇಂಥ ವ್ಯತ್ಯಾಸ ಹಿಡಿಯಬಹುದು.

ನಿಮ್ಮ ತರಗತಿಗೆ ಬೇರೆ ಭಾಷೆಯ ಗೆಳೆಯನೊಬ್ಬ ಬಂದು ‘ಹತ್ತಿ’ಗೆ ‘ಹಟ್ಟಿ’ ಎಂದರೆ ನಗಬೇಡಿ. ನಾಲಿಗೆ ಎಲ್ಲಿಡಬೇಕೆಂದು ತೋರಿಸಿಕೊಡಿ. ಆಮೇಲೆ ಅವನ ಭಾಷೆಯ ಕಷ್ಟದ ದನಿಯೊಂದನ್ನು ಕೇಳಿ, ನೀವೂ ಹೇಳಲು ಯತ್ನಿಸಿ. ಆಗ ನಗುವ ಸರದಿ ಅವನದು!